ಹರವಿನಿಂದ ಹರಿವಿಗೆ: ದರಿಯಾ ಎಂಬ ಮಾತು ನಡೆದ ದಾರಿ

ದೆಹಲಿಗೆ ಹೋದ ಹೊಸತರಲ್ಲಿ, 1979ರ ಚಳಿಗಾಲದಲ್ಲಿ, ನಾನು ಬಾಡಿಗೆಗಿದ್ದ ಮನೆಯ ಯಜಮಾನರು ದೇಶವಿಭಜನೆಯ ಕಾಲಕ್ಕೆ ಝೇಲಂ ಪಟ್ಟಣವನ್ನು ಬಿಟ್ಟು ಬಂದ ಪಂಜಾಬಿ ಹಿರಿಯರಾಗಿದ್ದರು. ಸಂಜೆ ಅಂಗಳದಲ್ಲಿ ಹಗ್ಗದ ಮಂಚ ಹಾಕಿಕೊಂಡು ಹುಟ್ಟೂರಿನ ಮಾತು ತೆಗೆದರೆಂದರೆ ಅವರ ಕಥೆಗಳೆಲ್ಲ ಸುತ್ತಿ ಬಳಸಿ 'ದರಿಯಾ'ದ ದಡಕ್ಕೇ ಬಂದು ನಿಲ್ಲುತ್ತಿದ್ದವು. ದರಿಯಾದಲ್ಲಿ ಈಜು ಕಲಿತದ್ದು, ದರಿಯಾ ಉಕ್ಕಿ ಬಂದ ವರ್ಷ ಗೋಧಿ ಕಣಜ ನೆನೆದದ್ದು, ದರಿಯಾದ ಆಚೆ ದಡದ ಊರಿಂದ ಅಕ್ಕನ ಮದುವೆಯ ದಿಬ್ಬಣ ದೋಣಿಯಲ್ಲಿ ಬಂದದ್ದು, ಹೀಗೆ. ನಾನು ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆಂದು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ; ಅಲ್ಲಿ ದರಿಯಾ ದೌಲತ್ ಬಾಗಿನ ಮುಂದೆ ನಿಂತು, ದರಿಯಾ ಎಂದರೆ ಸಮುದ್ರ, ದೌಲತ್ ಎಂದರೆ ಸಂಪತ್ತು ಎಂದು ಹೇಳಿಕೊಟ್ಟದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂತಿತ್ತು. ಹಾಗಾಗಿ ಎಷ್ಟೋ ದಿನ ನಾನು ಝೇಲಂ ಪಟ್ಟಣವನ್ನು ಕಡಲತೀರದ ಊರೆಂದೇ ತಿಳಿದಿದ್ದೆ. ಒಂದು ಸಂಜೆ, "ಬಾವೂಜೀ, ನಿಮ್ಮ ಮನೆಯಿಂದ ಸಮುದ್ರ ಎಷ್ಟು ದೂರವಿತ್ತು?" ಎಂದು ಕೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಬೇಟಾ, ಸಮಂದರವನ್ನು ನಾನು ಈವರೆಗೆ ಕಂಡೇ ಇಲ್ಲ. ದರಿಯಾ ಅಂದರೆ ನಮ್ಮ ಝೇಲಂ ನದಿ" ಎಂದರು.

ಹತ್ತು ವರ್ಷಗಳ ಅನಂತರ ಕೆಲಸ ನನ್ನನ್ನು ಮುಂಬಯಿಗೆ ತಂದಿತು. ಮೊದಲ ಮಳೆಗಾಲ. ವರ್ಸೋವಾದ ಕೋಳಿವಾಡದಲ್ಲಿ, ಅಂದರೆ ಕೋಳಿ ಎಂಬ ಮೀನುಗಾರರ ಕೇರಿಯಲ್ಲಿ, ಬಲೆಗಳನ್ನು ಒಣಗಲು ಹಾಕಿದ್ದ ಒಂದು ಮನೆಯ ಜಗಲಿಯ ಮೇಲೆ ಒಣಮೀನು ಹರಡಿಕೊಂಡು ಕೂತಿದ್ದ ಹೆಂಗಸನ್ನು, ಹಸಿ ಮೀನು ಏಕಿಲ್ಲ ಎಂದು ನನ್ನ ಜೊತೆಗಿದ್ದವರು ಕೇಳಿದರು. ಆಕೆ ಕೈಯನ್ನು ಪಡುವಣಕ್ಕೆ ತೋರಿಸಿ, "ದರ್ಯಾ ಖವಳ್ಲಾಯ್, ದಾದಾ" ಎಂದಳು. ಕಡಲು ಕೆರಳಿದೆ ಎಂದು ಅದರ ಅರ್ಥ. ಅವಳ ಬೆರಳಿನ ತುದಿಯಲ್ಲಿದ್ದದ್ದು ಅರಬ್ಬೀ ಸಮುದ್ರ. ಬಾಯಲ್ಲಿದ್ದದ್ದು ಬಾವೂಜಿಯವರ ಅದೇ ಮಾತು. ಒಂದೇ ಶಬ್ದ ಒಂದು ಊರಲ್ಲಿ ನದಿಯಾಗಿ ಇನ್ನೊಂದು ಊರಲ್ಲಿ ಕಡಲಾಗಿ, ಎರಡು ಕಡೆಯೂ ಕೊಂಚವೂ ಅಳುಕಿಲ್ಲದೆ ಬದುಕುತ್ತಿರುವುದನ್ನು ಕಂಡ ಆ ದಿನದಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ.

ಇಂಥ ಸಂದರ್ಭದಲ್ಲಿ ಓದುಬರಹ ಬಲ್ಲವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಎರಡರಲ್ಲಿ ಸರಿ ಯಾವುದು, ಕೆಟ್ಟದ್ದು ಯಾವುದು ಎಂಬುದು. ನಾನೂ ಹಲವು ವರ್ಷ ಹಾಗೆಯೇ ಕೇಳಿದವನು. ಆದರೆ ಹೊರನಾಡಿನಲ್ಲಿ ನಾಲ್ಕು ದಶಕ ಕಳೆದ ಮೇಲೆ, ನೀರಿಗೆ ಇಟ್ಟ ಹೆಸರಿನಲ್ಲಿ ಕೆಟ್ಟದ್ದು ಎಂಬುದಿಲ್ಲ ಎಂಬ ಅನಿಸಿಕೆಗೆ ಬಂದಿದ್ದೇನೆ. ಮನುಷ್ಯನು ತನ್ನ ಕಣ್ಣಿಗೆ ಕಂಡ ಅತಿ ದೊಡ್ಡ ನೀರಿಗೆ ತನ್ನಲ್ಲಿರುವ ಅತಿ ದೊಡ್ಡ ಹೆಸರನ್ನು ಇಡುತ್ತಾನೆ. ಆ ಹೆಸರು ಅವನ ನಾಡಿಗೆ ಯಾವ ದಾರಿಯಿಂದ ಬಂತು ಎಂಬುದರ ಗುರುತೂ ಅದರಲ್ಲಿ ಉಳಿದಿರುತ್ತದೆ.

ದರಿಯಾ ಎಂಬುದು ಹಳೆಯ ಪಾರಸಿಯ 'ದ್ರಯ' ಎಂಬ ಶಬ್ದದಿಂದ ಬಂದದ್ದು. ಕ್ರಿಸ್ತಪೂರ್ವ 522ರಿಂದ 486ರವರೆಗೆ ಆಳಿದ ಪಾರಸಿ ದೊರೆ ದಾರಯವಹುಷ, ಅಂದರೆ ನಾವು ಡೇರಿಯಸ್ ಎಂದು ಓದಿದ ಅರಸ, ನೈಲ್ ನದಿಯಿಂದ ಕೆಂಪು ಸಮುದ್ರದ ಕಡೆಗೆ ಒಂದು ಕಾಲುವೆಯನ್ನು ತೋಡಿಸಿ, ಅದರ ದಡದುದ್ದಕ್ಕೂ ಶಾಸನದ ಕಲ್ಲುಗಳನ್ನು ನಿಲ್ಲಿಸಿದ. ಈಗಿನ ಸೂಯೆಜ್ ಕಾಲುವೆಯ ಹತ್ತಿರ ಸಿಕ್ಕಿದ ಆ ಶಾಸನದಲ್ಲಿ, ಈಜಿಪ್ಟಿನಲ್ಲಿ ಹರಿಯುವ ನೈಲೆಂಬ ನದಿಯಿಂದ ಪಾರಸದ ಕಡೆಯಿಂದ ಬರುವ ಸಮುದ್ರದವರೆಗೆ ಈ ಕಾಲುವೆಯನ್ನು ತೋಡಲು ಆಜ್ಞೆ ಮಾಡಿದೆನೆಂದು ಅರಸ ಹೇಳಿಕೊಂಡಿದ್ದಾನೆ. ಒಂದೇ ವಾಕ್ಯದಲ್ಲಿ ನದಿಯೂ ಇದೆ, ಸಮುದ್ರವೂ ಇದೆ. ನದಿಗೆ 'ರೌತ' ಎಂಬ ಶಬ್ದ, ಸಮುದ್ರಕ್ಕೆ 'ದ್ರಯ'. ಎರಡೂವರೆ ಸಾವಿರ ವರ್ಷಗಳ ಹಿಂದೆ ಈ ಮಾತಿಗೆ ಯಾವ ಗೊಂದಲವೂ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ. ಪಾರಸಿಗಳ ಧರ್ಮಗ್ರಂಥವಾದ ಅವೆಸ್ತಾದಲ್ಲಿಯೂ ಇದರ ಒಡಹುಟ್ಟಿದ ಶಬ್ದಕ್ಕೆ ಕಡಲೆಂದೇ ಅರ್ಥ. ಆದರೆ ಇನ್ನೊಂದು ಒಡಹುಟ್ಟು ನಮ್ಮ ಋಗ್ವೇದದಲ್ಲಿದೆ: 'ಜ್ರಯಸ್'. ಅಲ್ಲಿ ಅದು ಕಡಲೂ ಅಲ್ಲ, ನದಿಯೂ ಅಲ್ಲ. ಹರವು, ವಿಸ್ತಾರ, ಅಗಲಕ್ಕೆ ಚಾಚಿಕೊಂಡದ್ದು ಎಂದು ಮಾತ್ರ ಅದರ ಅರ್ಥ. ಹಾಗಾದರೆ ಈ ಮಾತಿನ ಬೇರಿನಲ್ಲಿರುವುದು ನೀರೇ ಅಲ್ಲ, ಹರವು. ಹರವು ಎಂಬುದಕ್ಕೂ ಹರಿವು ಎಂಬುದಕ್ಕೂ ನಡುವೆ ಕನ್ನಡದಲ್ಲಿ ಇರುವುದು ಒಂದು ಸ್ವರದ ಅಂತರ. ದರಿಯಾ ಎಂಬ ಶಬ್ದ ನಡೆದದ್ದು ಅಷ್ಟೇ ದೂರವನ್ನು, ಆದರೆ ಅದಕ್ಕೆ ಬೇಕಾದದ್ದು ಒಂದು ಖಂಡದ ಉದ್ದ.

ಇಂದಿನ ಇರಾನಿನಲ್ಲಿ ದರಿಯಾ ಎಂದರೆ ಈಗಲೂ ಸಮುದ್ರವೇ. ಕ್ಯಾಸ್ಪಿಯನ್ ಸಮುದ್ರ ಅವರಿಗೆ ದರಿಯಾ-ಯೆ-ಖಜರ್. ಉರ್ಮಿಯಾ ಸರೋವರದಂಥ ನೀರಿಗೆ 'ದರಿಯಾಚೆ' ಎನ್ನುತ್ತಾರೆ, ಅಂದರೆ ಕಿರುಗಡಲು. ಅಲ್ಲಿಂದ ಮೂಡಣಕ್ಕೆ ನಡೆಯುತ್ತ ಹೋದಂತೆ ಕಡಲು ದೂರವಾಗುತ್ತದೆ, ಮಾತಿನ ಅರ್ಥ ಸರಿಯುತ್ತದೆ. ಅಫ್ಘಾನಿಸ್ತಾನದಲ್ಲಿ ಕಾಬೂಲ್ ನದಿಯೇ ದರಿಯಾ. ಸಮುದ್ರವನ್ನು ಹೇಳಬೇಕಾದರೆ ಅರಬ್ಬಿಯ 'ಬಹ್ರ್' ಎಂಬ ಶಬ್ದವನ್ನು ತರಬೇಕು. ತಜಿಕರೂ ಹಾಗೆಯೇ ಮಾಡಿಕೊಂಡಿದ್ದಾರೆ. ಉಜ್ಬೇಕರ ನಾಡಿನಲ್ಲಿ ಸುರ್ಖಾನ್‌ದರಿಯಾ, ಕಶ್ಕದರಿಯಾ ಎಂಬ ಪ್ರಾಂತಗಳೇ ನದಿಗಳ ಹೆಸರನ್ನು ಹೊತ್ತಿವೆ. ಶಾಲೆಯ ಭೂಪಟದಲ್ಲಿ ನಾವೆಲ್ಲ ಗುರುತಿಸಿದ ಅಮು ದರಿಯಾ ಸುಮಾರು 2,400 ಕಿಲೋಮೀಟರ್ ಉದ್ದದ ನದಿ. ಪಾಮಿರದ ಹಿಮದಿಂದ ಹೊರಟು ಮರಳುಗಾಡಿನ ನಡುವೆ ಹಾದು ಅರಲ್ ಎಂಬ ಒಳನಾಡಿನ ನೀರನ್ನು ಸೇರುತ್ತಿದ್ದದ್ದು. 1960ರ ದಶಕದಿಂದ ಹತ್ತಿಯ ಹೊಲಗಳಿಗೆ ಅದರ ನೀರನ್ನು ತಿರುಗಿಸಿದ ಮೇಲೆ ಅರಲ್ ಬತ್ತುತ್ತ ಬಂದು, ದೋಣಿಗಳು ಒಣಮರಳಿನ ಮೇಲೆ ಉಳಿದವು. ಎತ್ತ ನೋಡಿದರೂ ಮರಳೇ ಇರುವ ಆ ಸೀಮೆಯಲ್ಲಿ ಆಚೆ ದಡದ ಮನುಷ್ಯ ಚುಕ್ಕಿಯಂತೆ ಕಾಣುವಷ್ಟು ಅಗಲವಾದ ನೀರನ್ನು ಕಂಡವನು ಅದನ್ನು 'ಹರವು' ಎಂದು ಕರೆದರೆ ಅವನಿಗೆ ಯಾರು ಏನು ಹೇಳಬೇಕು?

ಉತ್ತರ ಹಿಂದುಸ್ತಾನಕ್ಕೆ ಪಾರಸಿ ಬಂದದ್ದು ಈ ಮೂಡಣದ ದಾರಿಯಿಂದ. ಘಜನಿ, ಕಾಬೂಲ್, ಖೈಬರ್ ಕಣಿವೆ, ಆಮೇಲೆ ಪಂಜಾಬ. ಬಾಬರನು ಹುಟ್ಟಿದ ಫರ್ಗಾನಾ ಸಿರ್ ದರಿಯಾದ ಕಣಿವೆಯಲ್ಲಿದೆ. ಅಲ್ಲಿಂದ 1526ರಲ್ಲಿ ಪಾಣಿಪತ್ತಿಗೆ ಬರುವವರೆಗೆ ಅವನ ಕುದುರೆ ದಾಟಿದ್ದೆಲ್ಲ ನದಿಗಳೇ. ಆ ದಾರಿಯಲ್ಲಿ ಬಂದ ಭಾಷೆಗೆ ದರಿಯಾ ಎಂದರೆ ದಾಟಬೇಕಾದ ನೀರು, ಆಚೆ ದಡವುಳ್ಳ ನೀರು. ದೆಹಲಿಯ ದರಿಯಾಗಂಜ್ ಆ ಹೆಸರು ಪಡೆದದ್ದು ಯಮುನೆಯ ದಡದಲ್ಲಿದ್ದುದರಿಂದ. ಇಂದು ಯಮುನೆ ಮೂಡಣಕ್ಕೆ ಸರಿದಿದ್ದಾಳೆ, ಹಳೆಯ ಪುಸ್ತಕ ಹುಡುಕಿಕೊಂಡು ಭಾನುವಾರಗಳಲ್ಲಿ ನಾನು ಅಲೆದ ಆ ಬೀದಿಯಿಂದ ನೀರು ಕಣ್ಣಿಗೆ ಬೀಳುವುದಿಲ್ಲ, ಹೆಸರು ಮಾತ್ರ ನದಿ ಹರಿದ ಜಾಗವನ್ನು ಕಾಯುತ್ತ ಕೂತಿದೆ.

ದರಿಯಾ ಹೀಗೆ ನದಿಯ ಪಾಲಾದ ಮೇಲೆ ಉರ್ದುವಿಗೆ ಸಮುದ್ರಕ್ಕೊಂದು ಹೆಸರು ಬೇಕಾಯಿತು. ಅದು ನಮ್ಮ ಸಂಸ್ಕೃತದ ಸಮುದ್ರವನ್ನೇ 'ಸಮಂದರ್' ಮಾಡಿಕೊಂಡಿತು. ಕಚೇರಿಯ ಪಾರಸಿ ಮಾತ್ರ ಇನ್ನೊಂದು ಉಪಾಯ ಮಾಡಿತು. ಬ್ರಿಟಿಷರ ಕಾಲದ ನ್ಯಾಯಾಲಯಗಳಲ್ಲಿ ಅಂಡಮಾನಿಗೆ ಕಳಿಸುವ ಶಿಕ್ಷೆಯನ್ನು ಉರ್ದುವಿನಲ್ಲಿ ಬರೆಯುವಾಗ 'ದರಿಯಾ-ಎ-ಶೋರ್' ದಾಟಿಸುವುದು ಎಂದು ಬರೆಯುತ್ತಿದ್ದರು. ಶೋರ್ ಎಂದರೆ ಉಪ್ಪು. ಬರೀ ದರಿಯಾ ಎಂದರೆ ಯಮುನೆಯೋ ಗಂಗೆಯೋ ಎಂದು ಜನ ತಿಳಿದಾರೆಂದು ಅದಕ್ಕೆ ಉಪ್ಪು ಬೆರೆಸಬೇಕಾಯಿತು. ನಮ್ಮಲ್ಲಿ ಅದೇ ಶಿಕ್ಷೆಗೆ ಕರಿನೀರು ಎಂದೆವು. ಅವರು ನಾಲಗೆಯಿಂದ ಗುರುತಿಸಿದ್ದನ್ನು ನಾವು ಕಣ್ಣಿನಿಂದ ಗುರುತಿಸಿದೆವು.

ಪಡುವಣ ಕರಾವಳಿಯ ಕಥೆ ಬೇರೆ. ಗುಜರಾತಿಯಲ್ಲಿ 'ದರಿಯೋ' ಎಂದರೆ ಸಮುದ್ರ, ಮರಾಠಿಯಲ್ಲಿ 'ದರ್ಯಾ' ಸಮುದ್ರ, ಕೊಂಕಣಿಯಲ್ಲಿಯೂ ಸಮುದ್ರವೇ. ಹದಿನೇಳನೆಯ ಶತಮಾನದಲ್ಲಿ ಶಿವಾಜಿಯ ನೌಕಾಪಡೆಯ ನಾಯಕನಿಗೆ ದರ್ಯಾಸಾರಂಗ ಎಂಬ ಬಿರುದಿತ್ತು. ಇಂದಿಗೂ ಮರಾಠಿಯಲ್ಲಿ ಕಡಲಯಾನ ಮಾಡುವವನು ದರ್ಯಾವರ್ದಿ. ಈ ಊರುಗಳಿಗೆ ಪಾರಸಿ ಶಬ್ದಗಳು ಖೈಬರ್ ಕಣಿವೆಯಿಂದ ಬರಬೇಕಾಗಿರಲಿಲ್ಲ. ಹೊರ್ಮುಜಿನಿಂದ ಕುದುರೆ, ಖರ್ಜೂರ ತುಂಬಿಕೊಂಡು ಖಂಭಾತ್, ಚೌಲ್, ದಾಭೋಳಗಳ ಬಂದರಿಗೆ ಬರುತ್ತಿದ್ದ ಹಡಗಿನವರ ಬಾಯಲ್ಲಿ ದರಿಯಾ ಎಂಬುದು ಇರಾನಿನಲ್ಲಿದ್ದ ಹಾಗೆಯೇ ಉಪ್ಪುನೀರಾಗಿ ಬಂತು. ನೆಲದ ದಾರಿಯಿಂದ ಬಂದ ದರಿಯಾ ನದಿಯಾಯಿತು, ನೀರಿನ ದಾರಿಯಿಂದ ಬಂದ ದರಿಯಾ ಕಡಲಾಗಿಯೇ ಉಳಿಯಿತು ಎಂದು ನಾನು ನಂಬಿದ್ದೇನೆ. ಎರಡು ದಾರಿಗಳೂ ಕೂಡುವ ಜಾಗ ಸಿಂಧ್. ಅಲ್ಲಿ ಕಡಲೂ ಇದೆ, ಮಹಾನದಿಯೂ ಇದೆ. ಆದರೆ ಸಿಂಧಿಯವರ ಮನಸ್ಸಿನಲ್ಲಿ ದರಿಯಾ ಎಂದರೆ ಸಿಂಧೂ ನದಿಯೇ, ಅದನ್ನು ಅವರು 'ದರಿಯಾ ಶಾಹ್' ಎಂದು ಅರಸನಂತೆ ಕರೆಯುತ್ತಾರೆ.

ಸಿಂಧು ಎಂದಾಗ ಇನ್ನೊಂದು ಸಂಗತಿ ಹೇಳದೆ ಇರಲಾರೆ. ಋಗ್ವೇದದಲ್ಲಿ ಸಿಂಧು ಎಂದರೆ ನದಿ, ವಿಶೇಷವಾಗಿ ಆ ಒಂದು ಮಹಾನದಿ. ಹಳೆಯ ಪಾರಸಿಯ ಬಾಯಲ್ಲಿ ಅದೇ ಹಿಂದು ಆಗಿ, ಒಂದು ದೇಶದ ಹೆಸರಿಗೆ ಮೂಲವಾಯಿತು. ಆದರೆ ಸಂಸ್ಕೃತ ದಕ್ಷಿಣಕ್ಕೂ ಮೂಡಣಕ್ಕೂ ಹಬ್ಬಿದಂತೆ ಸಿಂಧು ಎಂಬ ಶಬ್ದ ಕಡಲಿನ ಅರ್ಥವನ್ನೂ ಪಡೆಯಿತು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ನೆನಪಿರುತ್ತದೆ: ಸಮುದ್ರದ ಹೆಸರುಗಳನ್ನು ಹೇಳುವಲ್ಲಿ ಅಬ್ಧಿ, ಉದಧಿ, ಸಾಗರ, ಅರ್ಣವಗಳ ಸಾಲಿನಲ್ಲಿ ಸಿಂಧುವೂ ಇದೆ. ನಾವು ದೇವರನ್ನು ಕರುಣಾಸಿಂಧು ಎಂದು ಕರೆಯುವಾಗ ನದಿಯನ್ನು ನೆನೆಯುವುದಿಲ್ಲ, ಕಡಲನ್ನೇ ನೆನೆಯುತ್ತೇವೆ. ಅಂದರೆ ಪಾರಸಿಯ ದರಿಯಾ ಕಡಲಾಗಿ ಹುಟ್ಟಿ ಹಿಂದುಸ್ತಾನಕ್ಕೆ ಬರುತ್ತ ನದಿಯಾಯಿತು. ಸಂಸ್ಕೃತದ ಸಿಂಧು ನದಿಯಾಗಿ ಹುಟ್ಟಿ ಹಿಂದುಸ್ತಾನದೊಳಗೆ ಇಳಿಯುತ್ತ ಕಡಲಾಯಿತು. ಎರಡು ಶಬ್ದಗಳೂ ಪಂಜಾಬದ ಅದೇ ಬಯಲಿನಲ್ಲಿ ಎದುರುಬದುರಾಗಿ ಹಾದು ಹೋಗಿರಬೇಕು. ಉತ್ತರದವರು ಉದಾರಿಯನ್ನು 'ದರಿಯಾದಿಲ್' ಎನ್ನುತ್ತಾರೆ, ನಾವು ದಯಾಸಾಗರ ಎನ್ನುತ್ತೇವೆ. ಕೊಡುವ ಮನಸ್ಸಿಗೆ ನೀರಿನ ಹರವಿಗಿಂತ ಹಿರಿದಾದ ಹೋಲಿಕೆ ಎರಡು ಕಡೆಯವರಿಗೂ ಸಿಕ್ಕಲಿಲ್ಲ.

ಇದು ಈ ಎರಡು ಶಬ್ದಗಳಿಗೆ ಮಾತ್ರ ಆದದ್ದಲ್ಲ. ಅರಬ್ಬಿಯ ಬಹ್ರ್ ಎಂದರೆ ಸಮುದ್ರ, ಆದರೂ ಈಜಿಪ್ಟಿನ ರೈತನಿಗೆ ನೈಲ್ ನದಿಯೂ ಬಹ್ರ್. ಬೀಜಿಂಗ್ ನಗರದ ನಡುವಿನ ಕೆರೆಗಳಿಗೆ ಚೀನಿಯರು 'ಹಾಯ್' ಎಂದು ಕಡಲಿನ ಹೆಸರನ್ನೇ ಇಟ್ಟಿದ್ದಾರೆ. ಜರ್ಮನ್ ಭಾಷೆಯಲ್ಲಿ 'ಮೇರ್' ಎಂದರೆ ಸಮುದ್ರ. ಗಡಿ ದಾಟಿ ಹಾಲೆಂಡಿಗೆ ಹೋದರೆ ಅದೇ ಶಬ್ದಕ್ಕೆ ಸರೋವರ ಎಂದು ಅರ್ಥ, ಸಮುದ್ರಕ್ಕೆ 'ಜೇ' ಎನ್ನಬೇಕು. ಡಚ್ಚರು ಸೌಡರ್‌ಜೇ ಎಂಬ ಕೊಲ್ಲಿಗೆ 32 ಕಿಲೋಮೀಟರ್ ಉದ್ದದ ಒಡ್ಡನ್ನು ಕಟ್ಟಿ 1932ರಲ್ಲಿ ಅದನ್ನು ಕಡಲಿನಿಂದ ಬೇರ್ಪಡಿಸಿದಾಗ ಹೆಸರನ್ನೂ ಬದಲಿಸಿ ಐಸೆಲ್‌ಮೇರ್ ಎಂದರು. ಒಡ್ಡು ಬಿದ್ದ ಮೇಲೆ ಒಳಗಿನ ನೀರು ಸಿಹಿಯಾಯಿತು, ಹೆಸರೂ ಸಿಹಿನೀರಿನ ಹೆಸರಾಯಿತು. ಅಷ್ಟು ಕಟ್ಟುನಿಟ್ಟು ನನಗೆ ಮೆಚ್ಚುಗೆಯೇ.

ಈಗ ಮನೆಯ ಮಾತಿಗೆ ಬರುತ್ತೇನೆ. ನನ್ನ ಕಚೇರಿಯಲ್ಲಿ ಕುಂದಾಪುರದ ಕಡೆಯ ಸಹೋದ್ಯೋಗಿಯೊಬ್ಬರಿದ್ದರು. ನಾನು ಚಳ್ಳಕೆರೆ ಸೀಮೆಯವನು. ಒಮ್ಮೆ ಊಟದ ಹೊತ್ತಿನಲ್ಲಿ ಗೌರಸಮುದ್ರದ ಮಾರಮ್ಮನ ಜಾತ್ರೆಯ ಮಾತು ಬಂತು. ಅವರು, "ಹ್ವಾಯ್, ನಿಮ್ ಬದಿಯಗೆ ಕೆರಿಗೂ ಸಮುದ್ರ ಅಂಬ್ರಾ?" ಎಂದು ನಗುತ್ತಲೇ ಕೇಳಿದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಹುಟ್ಟಿದಂದಿನಿಂದ ಅಲೆಯ ಸದ್ದಿಗೆ ಮಲಗಿ ಎದ್ದವರಿಗೆ ಹಾಗೆ ಅನಿಸುವುದು ಸಹಜ. ಆದರೂ ನನಗೆ ನೋವಾಯಿತು. ಆ ನೋವಿಗೆ ಉತ್ತರ ಹುಡುಕಿದಾಗಲೇ ಬಾವೂಜಿಯವರ ದರಿಯಾ ನನಗೆ ಪೂರ್ತಿ ಅರ್ಥವಾದದ್ದು.

ನಮ್ಮ ಬಯಲುಸೀಮೆಯ ಭೂಪಟದಲ್ಲಿ ಸಮುದ್ರಗಳಿಗೆ ಲೆಕ್ಕವಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ ಗೌರಸಮುದ್ರ, ಮೊಳಕಾಲ್ಮೂರಿನಲ್ಲಿ ನಾಗಸಮುದ್ರ, ಗದಗದ ಬಳಿ ಮಲ್ಲಸಮುದ್ರ, ಹಂಪಿಯ ಸೀಮೆಯಲ್ಲಿ ಬುಕ್ಕಸಾಗರ. ಹೊಯ್ಸಳರ ರಾಜಧಾನಿಯೇ ದೋರಸಮುದ್ರ. ಇಂದಿನ ಹಳೇಬೀಡಿನ ಆ ದೊಡ್ಡ ಕೆರೆಯಿಂದ ಊರಿಗೆ ಹೆಸರು ಬಂತು. ಕೆಳದಿಯ ಸದಾಶಿವನಾಯಕನ ಕೆರೆಯಿಂದ ಸಾಗರ ಪಟ್ಟಣಕ್ಕೆ ಹೆಸರು ಬಂತು. ಗಡಿಯಾಚೆ ಅನಂತಪುರದ ಮಗ್ಗುಲಲ್ಲಿ ಬುಕ್ಕರಾಯಸಮುದ್ರ, ತಮಿಳುನಾಡಿನಲ್ಲಿ ಅಂಬಾಸಮುದ್ರ. ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ನಿಲ್ಲಿಸಿದ ಶಾಸನವೊಂದಿದೆ. ಅವನು ಕಟ್ಟಿಸಿದ ಕೆರೆಯ ಹೆಸರು ಅನಂತರಾಜಸಾಗರ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಇರಬಾರದ ಆರು ದೋಷಗಳನ್ನೂ ಆ ಶಾಸನ ಎಣಿಸಿ ಹೇಳುತ್ತದೆ. ಸಾವಿರ ಆಳುಗಳು, ಕಲ್ಲು ಸಾಗಿಸುವ ನೂರು ಬಂಡಿಗಳು ಎರಡು ವರ್ಷ ದುಡಿದುವೆಂದೂ ಹೇಳುತ್ತದೆ. ಅಷ್ಟು ದುಡಿಮೆಯಿಂದ ತುಂಬಿದ ನೀರನ್ನು ಸಾಗರವೆನ್ನದೆ ಇನ್ನೇನೆನ್ನಬೇಕಿತ್ತು?

ಅರ್ಥದ ಕಡೆಯಿಂದ ನೋಡಿದರೂ ಈ ಹೆಸರುಗಳು ತಪ್ಪಿಲ್ಲ. ಸಮುದ್ರ ಎಂಬ ಶಬ್ದದ ಒಳಗಿರುವುದು 'ಸಂ' ಮತ್ತು ನೀರನ್ನು ಹೇಳುವ 'ಉದ'; ಒಟ್ಟಾಗಿ ಕೂಡಿದ ನೀರು ಎಂದು ಭಾವ. ಹಳ್ಳಕೊಳ್ಳಗಳ ನೀರೆಲ್ಲ ಏರಿಯ ಹಿಂದೆ ಕೂಡುವ ಕೆರೆಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಸಾಗರದ ಕಥೆ ಇನ್ನೂ ಹತ್ತಿರದ್ದು. ಯಜ್ಞದ ಕುದುರೆಯನ್ನು ಹುಡುಕುತ್ತ ಸಗರರಾಜನ ಅರುವತ್ತು ಸಾವಿರ ಮಕ್ಕಳು ನೆಲವನ್ನು ಅಗೆದರು, ಆ ಅಗೆತವೇ ಸಾಗರವಾಯಿತು ಎಂದು ಪುರಾಣ ಹೇಳುತ್ತದೆ. ಹಾಗಾದರೆ ಪುರಾಣದ ಕಣ್ಣಿನಲ್ಲಿ ಕಡಲೇ ಒಂದು ತೋಡಿದ ಕೆರೆ. ನಮ್ಮ ಪೂರ್ವಿಕರು ಕೆರೆಯನ್ನು ಕಡಲಿಗೆ ಏರಿಸಲಿಲ್ಲ. ಹಾರೆ ಗುದ್ದಲಿ ಹಿಡಿದ ಕೈಗಳಿಗೆ ಸಲ್ಲಬೇಕಾದ ಹೆಸರನ್ನು ಅವುಗಳಿಗೆ ಸಲ್ಲಿಸಿದರು.

ಆದರೆ ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಈ ಹೆಸರುಗಳಲ್ಲಿ ಬಹಳಷ್ಟು ಕಟ್ಟಿಸಿದವರು ಇಟ್ಟವು, ನೀರು ಕುಡಿದವರು ಇಟ್ಟವಲ್ಲ. ಕೃಷ್ಣರಾಜಸಾಗರವನ್ನು ಮಂಡ್ಯದ ರೈತ ಕನ್ನಂಬಾಡಿ ಕಟ್ಟೆ ಎಂದೇ ಕರೆದ. ಶಾಂತಿಸಾಗರ ಸುತ್ತಲ ಹಳ್ಳಿಯವರಿಗೆ ಇಂದಿಗೂ ಸೂಳೆಕೆರೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡವಾಗಿ 1898ರಲ್ಲಿ ಕಟ್ಟತೊಡಗಿ 1907ರಲ್ಲಿ ಮುಗಿಸಿದ ಅಣೆಕಟ್ಟಿಗೆ ಮೈಸೂರಿನ ಮಹಾರಾಣಿಯವರ ಹೆಸರಿನಿಂದ ವಾಣಿವಿಲಾಸಸಾಗರ ಎಂದು ಹೆಸರಿಟ್ಟರು; ನನ್ನ ತಾತ ಕೊನೆಯವರೆಗೂ ಅದನ್ನು ಮಾರಿಕಣಿವೆ ಎಂದರೇ ಹೊರತು ಬೇರೆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಇನ್ನು ಸಮುದ್ರದ ಹೆಸರಿನ ಊರುಗಳಲ್ಲಿ ಜನ ಮಾತಾಡುವಾಗ 'ನಾಗಸಮುದ್ರದ ಕೆರೆ' ಎನ್ನುತ್ತಾರೆ. ಸಮುದ್ರ ಊರಾಯಿತು, ನೀರು ಮತ್ತೆ ಕೆರೆಯಾಯಿತು. ಬಾವೂಜಿಯವರ ದರಿಯಾ ಹಾಗಲ್ಲ. ಅದು ನೀರು ತರುವವರ, ಬಟ್ಟೆ ಒಗೆಯುವವರ, ದೋಣಿ ನಡೆಸುವವರ ಬಾಯಿಮಾತಾಗಿಯೇ ನದಿಯ ಅರ್ಥವನ್ನು ಪಡೆದದ್ದು. ಈ ವಿಷಯದಲ್ಲಿ ಅವರ ಮಾತು ನಮ್ಮದಕ್ಕಿಂತ ಹೆಚ್ಚು ಬೇರುಬಿಟ್ಟದ್ದು ಎಂದು ನನಗೆ ಅನಿಸುತ್ತದೆ.

ಹಾಗೆಂದುಕೊಂಡಿದ್ದ ನನ್ನ ಎಣಿಕೆಯನ್ನು ಸ್ವಲ್ಪ ಅಲುಗಿಸಿದ್ದು 2022ರ ಸೆಪ್ಟೆಂಬರ್. 1933ರ ಅನಂತರ ಮೊದಲ ಸಲ ಮಾರಿಕಣಿವೆ ತುಂಬಿ ಕೋಡಿ ಹರಿಯಿತು. ಸುದ್ದಿ ಕೇಳಿದ ಮರುದಿನವೇ ಮುಂಬಯಿಯಿಂದ ಹೊರಟೆ. ಕೋಡಿಯ ಕಡೆಗೆ ಹೋಗುವ ದಾರಿಯ ತುಂಬ ಟ್ರ್ಯಾಕ್ಟರುಗಳು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಗಂಡಸರು, ಮಡಿಲಲ್ಲಿ ಅರಿಶಿನ ಕುಂಕುಮ, ಬಳೆ ಕಟ್ಟಿಕೊಂಡ ಹೆಂಗಸರು. ಮೊಮ್ಮಗನ ತೋಳು ಹಿಡಿದು ಬಂದಿದ್ದ ಒಬ್ಬ ಮುದುಕಿ, ಎಂಬತ್ತರ ಮೇಲಿನ ವಯಸ್ಸಿರಬೇಕು, ನೀರು ಕಂಡಲ್ಲಿಯೇ ನಿಂತುಬಿಟ್ಟಳು. ಗುಡ್ಡಗಳ ನಡುವೆ ಕಣ್ಣು ಹೋದಷ್ಟು ದೂರ ನೀರು, ಗಾಳಿಗೆ ಅದರ ಮೇಲೆ ಸಣ್ಣ ಅಲೆ. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಸಮುದ್ರ ಕಂಡಂಗಾತು ಕಣಪ್ಪಾ" ಎಂದಳು. "ಸಮುದ್ರ ನೋಡಿದೀಯಾ ಅಜ್ಜೀ?" ಎಂದು ಮೊಮ್ಮಗ ಕೇಳಿದ. "ಈಗ ನೋಡ್ದೆ ಅಲ್ಲೇನಪ್ಪಾ" ಎಂದಳು. ಆ ಹೊತ್ತಿನಲ್ಲಿ ಮಹಾರಾಣಿಯವರ ಹೆಸರಿನ ಸಾಗರ ಕಾಗದದಿಂದ ಇಳಿದು ಬಾಯಿಮಾತಾಯಿತು.

ಕನ್ನಡಕ್ಕೆ ತನ್ನದೇ ಆದ ಕಡಲು ಇದೆ. ತಮಿಳು, ಮಲೆಯಾಳ, ತುಳುಗಳಲ್ಲಿ ಕಡಲ್, ತೆಲುಗಿನಲ್ಲಿ ಕಡಲಿ. ಕಡಲು ಎಂಬ ಹೆಸರಿನ ಕೆರೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಕೆರೆಗಳಿಗೆ ನಾವು ಉದಾರವಾಗಿ ಕೊಟ್ಟದ್ದು ಹೊರಗಿನಿಂದ ಬಂದ ಸಮುದ್ರ, ಸಾಗರಗಳನ್ನು. ಮನೆಯ ಮಾತನ್ನು ಉಪ್ಪುನೀರಿಗೇ ಉಳಿಸಿಕೊಂಡೆವು. ಕಡಲ್ಕೊರೆತ, ಕಡಲಮಕ್ಕಳು, ಪಡುಗಡಲು ಎನ್ನುವಾಗ ಒಂದು ಹನಿ ಸಿಹಿನೀರೂ ಆ ಮಾತಿನೊಳಗೆ ಬರುವುದಿಲ್ಲ. ಹಳಗನ್ನಡದಲ್ಲಿ ಮುನ್ನೀರು ಎಂಬ ಇನ್ನೊಂದು ಶಬ್ದವಿದೆ. ಮೂರು ನೀರು ಕೂಡಿದ್ದು ಎಂದು ಕೆಲವರು, ಮುಂದಿರುವ ನೀರು ಎಂದು ಕೆಲವರು ಬಿಡಿಸುತ್ತಾರೆ. ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ನಾವು ಹಿನ್ನೀರು ಎನ್ನುವುದನ್ನು ನೆನೆದರೆ, ನಡೆದು ನಡೆದು ನೆಲ ಮುಗಿದಾಗ ಎದುರಿಗೆ ಸಿಗುವ ನೀರು ಎಂಬ ಎರಡನೆಯ ಅರ್ಥವೇ ನನಗೆ ಹೆಚ್ಚು ಹಿಡಿಸುತ್ತದೆ. ಮುನ್ನೀರು ಪದ್ಯದಲ್ಲಿಯೇ ಉಳಿದುಹೋಯಿತು, ಹಿನ್ನೀರು ದಿನಪತ್ರಿಕೆಗೆ ಬಂತು. ಇದು ನನಗೆ ಬೇಸರದ ಸಂಗತಿ.

ಶ್ರೀರಂಗಪಟ್ಟಣಕ್ಕೆ ಮತ್ತೆ ಹೋಗಿದ್ದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ತೇಗದ ಮರದ ಅರಮನೆಯ ಗೋಡೆಯ ಮೇಲೆ ಪೊಳ್ಳಿಲೂರು ಕಾಳಗದ ಚಿತ್ರಗಳು ಇಂದಿಗೂ ಇವೆ. ಆಸ್ಥಾನದ ಪಾರಸಿಯನ್ನು ಇರಾನಿನ ಕಿವಿಯಿಂದ ಕೇಳಿದರೆ ದರಿಯಾ ದೌಲತ್ ಎಂಬುದು ಕಡಲ ಸಂಪತ್ತು. ಮಂಗಳೂರಿನ ಬಂದರನ್ನೂ ಹಡಗು ಕಟ್ಟುವುದನ್ನೂ ಅಷ್ಟು ಹಚ್ಚಿಕೊಂಡಿದ್ದ ಅರಸನಿಗೆ ಆ ಅರ್ಥ ಸಲ್ಲುತ್ತದೆ. ದೆಹಲಿಯ ಕಿವಿಯಿಂದ ಕೇಳಿದರೆ ಅದು ನದಿಯ ಸಂಪತ್ತು. ತೋಟದ ಹಿಂಬದಿಗೆ ನಡೆದರೆ ಕಾವೇರಿ ಹರಿಯುತ್ತಾಳೆ. ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ನನಗೆ ಈಗ ಅನಿಸುವುದಿಲ್ಲ. ಆದರೆ ಶಾಲೆಯ ಮಕ್ಕಳಿಗೆ ಎರಡನ್ನೂ ಹೇಳಬೇಕು, ಹೇಳಿ ಕಾವೇರಿಯ ದಡಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಬೇಕು ಎಂಬುದು ನನ್ನ ಒತ್ತಾಯ.

ಮುಂಬಯಿಯಲ್ಲಿ ನಾರಳಿ ಹುಣ್ಣಿಮೆಯ ದಿನ ಕೋಳಿ ಜನರು ದರ್ಯಾರಾಜನಿಗೆ ತೆಂಗಿನಕಾಯಿ ಒಪ್ಪಿಸುತ್ತಾರೆ. ನಮ್ಮ ಕರಾವಳಿಯ ಮೊಗವೀರರು ಅದೇ ನೂಲಹುಣ್ಣಿಮೆಯ ಸುಮಾರಿಗೆ ಕಡಲಿಗೆ ಹಾಲು, ಹೂವು, ಕಾಯಿ ಅರ್ಪಿಸುತ್ತಾರೆ. ಬಯಲುಸೀಮೆಯಲ್ಲಿ ಕೆರೆ ಕೋಡಿ ಬಿದ್ದರೆ ಮೊರದಲ್ಲಿ ಬಾಗಿನ ಇಟ್ಟು ಗಂಗಮ್ಮನಿಗೆ ಬಿಡುತ್ತೇವೆ. ನಮ್ಮ ಕಟ್ಟಡದಲ್ಲಿರುವ ಸಿಂಧಿ ಅಜ್ಜಿಯೊಬ್ಬರು ಯುಗಾದಿಯ ಮರುದಿನ, ನಾವು ಚಂದ್ರದರ್ಶನ ಮಾಡುವ ಹೊತ್ತಿಗೆ, ಚೇಟಿ ಚಂಡ್ ಹಬ್ಬದ ಬಹಿರಾಣಾ ಹೊರುತ್ತಾರೆ: ಗೋಧಿಹಿಟ್ಟಿನ ದೀಪ, ಕಲ್ಲುಸಕ್ಕರೆ, ಏಲಕ್ಕಿ, ಹಣ್ಣು ಇಟ್ಟ ತಟ್ಟೆ. ಅವರು ಹುಟ್ಟಿದ್ದು ಸಿಂಧೂ ನದಿಯ ದಡದ ಸಕ್ಕರ್ ಪಟ್ಟಣದಲ್ಲಿ. ಬಿಟ್ಟು ಬಂದಾಗ ಎಂಟು ವರ್ಷ. ಕಳೆದ ಸಲ ಅವರ ಮಗ ಊರಿನಲ್ಲಿರಲಿಲ್ಲವಾದ್ದರಿಂದ ಅವರನ್ನು ಜುಹೂ ತೀರಕ್ಕೆ ನಾನು ಕರೆದುಕೊಂಡು ಹೋದೆ. ಮೊಣಕಾಲವರೆಗೆ ನೀರಿಗಿಳಿದು, ದೀಪವನ್ನು ಅಲೆಯ ಮೇಲೆ ಬಿಟ್ಟು, ಅವರು ಸೆರಗನ್ನು ಒಡ್ಡಿ "ದರಿಯಾ ಶಾಹ್" ಎಂದು ಕರೆದು ಬೇಡಿಕೊಂಡರು. ಬಳಿಕ ನದಿಯ ದಡದಲ್ಲಿ ಮಾಡುವಂತೆ ಬೊಗಸೆಯಲ್ಲಿ ನೀರು ತುಂಬಿ ಕಣ್ಣಿಗೆ ಹಚ್ಚಿಕೊಂಡರು. ಕಣ್ಣು ಉರಿಯಿತು. "ಖಾರೋ" ಎಂದರು, ಉಪ್ಪು ಎಂದು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಮತ್ತೆ ಕೈ ಜೋಡಿಸಿ, ಪಡುವಣಕ್ಕೆ ತಿರುಗಿ, ಅದೇ ಹೆಸರಿನಿಂದ ಇನ್ನೊಮ್ಮೆ ಕರೆದರು.